ಸ್ಕೈವರ್ಡ್ ಸೋರ್ಡ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಗೆ ಶಿರಸಿಯ ನಮ್ಮ ಮನೆಗೆ ಬರುವ ಅಕ್ಕಂದಿರ ಮಕ್ಕಳು, ಕಾರವಾರ ಮತ್ತು ಕುಮಟಾದ ಸ್ನೇಹಿತರು, ಆಮೇಲೆ ಅವರ ಸ್ನೇಹಿತರು ಎಲ್ಲರೂ ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಜೆಲ್ಡಾ: ಸ್ಕೈವರ್ಡ್ ಸೋರ್ಡ್’ ಎಂಬ ವಿಡಿಯೊ ಆಟದ ಬಗ್ಗೆ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ ಮತ್ತೆ ಮತ್ತೆ ವಿವರಿಸುವುದಕ್ಕಿಂತ ಬರೆದಿಡುವುದು ಲೇಸೆನಿಸಿ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕತ್ತಿ ಮಾತು ಕೇಳುತ್ತಿಲ್ಲ ಎಂಬ ದೂರಿನೊಂದಿಗೆ ಬಂದವರು ನೇರವಾಗಿ ನಾಲ್ಕನೆಯ ಪ್ರಶ್ನೆಗೆ ಹೋಗಬಹುದು.

1. ಇದು ಯಾವ ಆಟ, ಯಾವ ಯಂತ್ರದಲ್ಲಿ ಆಡುವುದು?

ಇದು ಮೊದಲು 2011ರ ನವೆಂಬರ್‌ನಲ್ಲಿ ನಿಂಟೆಂಡೊ ವೀ ಯಂತ್ರಕ್ಕೆ ಬಂದಿತು. ಅದನ್ನೇ ತಿದ್ದಿ, ಚಿತ್ರವನ್ನು ಸ್ಪಷ್ಟಗೊಳಿಸಿ, 2021ರ ಜುಲೈ 16ರಂದು ನಿಂಟೆಂಡೊ ಸ್ವಿಚ್‌ಗೆ ‘ಎಚ್‌ಡಿ’ ಎಂಬ ಬಾಲ ಸೇರಿಸಿ ಬಿಡುಗಡೆ ಮಾಡಿದರು. ನಿರ್ದೇಶಕರು ಹಿದೆಮಾರೊ ಫುಜಿಬಯಾಶಿ, ನಿರ್ಮಾಪಕರು ಎಜಿ ಔನುಮಾ.

ಮೋಡಗಳ ಮೇಲೆ ತೇಲುವ ಸ್ಕೈಲಾಫ್ಟ್ ಎಂಬ ಊರು, ಅಲ್ಲಿ ಪ್ರತಿಯೊಬ್ಬರಿಗೂ ಸವಾರಿಗೆ ಒಂದೊಂದು ದೊಡ್ಡ ಹಕ್ಕಿ. ಲಿಂಕ್ ಎಂಬ ಹುಡುಗನ ಬಾಲ್ಯದ ಗೆಳತಿ ಜೆಲ್ಡಾ ಸುಂಟರಗಾಳಿಗೆ ಸಿಕ್ಕಿ ಮೋಡಗಳ ಕೆಳಗಿನ ನೆಲಕ್ಕೆ ಬೀಳುತ್ತಾಳೆ. ಅವಳನ್ನು ಹುಡುಕಿಕೊಂಡು ಅವನು ಕಾಡಿಗೂ ಜ್ವಾಲಾಮುಖಿಗೂ ಮರುಭೂಮಿಗೂ ಇಳಿಯುತ್ತಾನೆ. ಕಥೆಯ ಎಳೆ ಇಷ್ಟೇ. ಉಳಿದುದೆಲ್ಲ ಅವನ ಕೈಯಲ್ಲಿರುವ, ಅಂದರೆ ನಿಮ್ಮ ಕೈಯಲ್ಲಿರುವ, ಕತ್ತಿಯ ಕಥೆ.

2. ಹಿಂದಿನ ಜೆಲ್ಡಾ ಆಟಗಳನ್ನು ಆಡಿರಬೇಕೇ?

ಬೇಡ. ಸರಣಿ ಆರಂಭವಾದದ್ದು 1986ರಲ್ಲಾದರೂ ಕಥೆಯ ಕಾಲಾನುಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಇದೇ ಆಟ. ಮುಂದಿನ ಆಟಗಳಲ್ಲಿ ಬರುವ ಮಾಸ್ಟರ್ ಸೋರ್ಡ್ ಎಂಬ ಖಡ್ಗ ಹೇಗೆ ಹುಟ್ಟಿತೆಂಬುದನ್ನು ಇಲ್ಲಿ ಹೇಳಲಾಗಿದೆ.

3. ಮೋಷನ್ ಕಂಟ್ರೋಲ್ ಎಂದರೆ ಸುಮ್ಮನೆ ರಿಮೋಟ್ ಅಲ್ಲಾಡಿಸುವುದಲ್ಲವೇ?

ಬಹಳ ಆಟಗಳಲ್ಲಿ ಹಾಗೆಯೇ ಇದೆ. 2006ರಲ್ಲಿ ವೀ ಯಂತ್ರದೊಂದಿಗೆ ಬಂದ ಇದೇ ಸರಣಿಯ ‘ಟ್ವಿಲೈಟ್ ಪ್ರಿನ್ಸೆಸ್’ನಲ್ಲಿ ರಿಮೋಟನ್ನು ಹೇಗೆ ಕೊಡವಿದರೂ ಲಿಂಕ್ ತನಗೆ ಬಂದ ಪಟ್ಟನ್ನೇ ಹಾಕುತ್ತಿದ್ದ, ಕೊಡವುವುದು ಬಟನ್ ಒತ್ತುವುದಕ್ಕೆ ಬದಲಿ ಮಾತ್ರವಾಗಿತ್ತು. ಸ್ಕೈವರ್ಡ್ ಸೋರ್ಡ್‌ನಲ್ಲಿ ಕೈ ಯಾವ ಕೋನದಲ್ಲಿದೆ ಎಂಬುದನ್ನು ಆಟವು ಪ್ರತಿ ಕ್ಷಣವೂ ನೋಡುತ್ತಿರುತ್ತದೆ. ನೀವು ಕತ್ತಿಯನ್ನು ಎಡಕ್ಕೆ ವಾಲಿಸಿ ಸುಮ್ಮನೆ ನಿಂತರೆ ತೆರೆಯ ಮೇಲೆ ಅವನೂ ಎಡಕ್ಕೆ ವಾಲಿಸಿ ಸುಮ್ಮನೆ ನಿಲ್ಲುತ್ತಾನೆ. ಹೊಡೆತಗಳು ಎಂಟು ದಿಕ್ಕಿನವು, ಜೊತೆಗೆ ಮುಂದಕ್ಕೆ ತಿವಿಯುವ ಒಂದು ಪಟ್ಟು.

ವೀ ರಿಮೋಟ್ ಒಳಗೆ ಮೊದಲಿಗೆ ವೇಗೋತ್ಕರ್ಷವನ್ನು ಅಳೆಯುವ ಸೆನ್ಸರ್ ಮತ್ತು ಇನ್‌ಫ್ರಾರೆಡ್ ಕ್ಯಾಮೆರಾ ಮಾತ್ರ ಇದ್ದವು. ತಿರುಗುವಿಕೆಯನ್ನು ನೇರವಾಗಿ ಅಳೆಯುವ ಗೈರೊಸ್ಕೋಪನ್ನು ‘ಮೋಷನ್‌ಪ್ಲಸ್’ ಎಂಬ ಹೆಸರಿನ ಜೋಡಣೆಯಾಗಿ 2009ರಲ್ಲಿ ಮಾರಾಟಕ್ಕೆ ತಂದರು. ಅದಿಲ್ಲದೆ ಈ ಆಟ ವೀ ಯಂತ್ರದಲ್ಲಿ ಆರಂಭವಾಗುವುದೇ ಇಲ್ಲ. ಸ್ವಿಚ್‌ನ ಜಾಯ್‌ಕಾನ್‌ಗಳಲ್ಲಿ, ಅಂದರೆ ಕೈಗೊಂದರಂತೆ ಹಿಡಿಯುವ ಅದರ ಸಣ್ಣ ಕಂಟ್ರೋಲರ್‌ಗಳಲ್ಲಿ, ಗೈರೊಸ್ಕೋಪ್ ಮೊದಲಿನಿಂದಲೂ ಇದೆ.

4. ನಾನು ಬೀಸುವುದು ಒಂದು ಕಡೆ, ಅವನು ಬೀಸುವುದು ಇನ್ನೊಂದು ಕಡೆ. ಆಟ ಹಾಳಾಗಿದೆಯೇ?

ನೂರಕ್ಕೆ ತೊಂಬತ್ತು ಮಂದಿಯ ದೂರು ಇದೇ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಆಟವೂ ಹಾಳಾಗಿಲ್ಲ, ಜಾಯ್‌ಕಾನ್ ಕೂಡ ಹಾಳಾಗಿಲ್ಲ.

ಅಕ್ಕನ ಮಗನೊಬ್ಬ ನಮ್ಮ ಜಗಲಿಯಲ್ಲಿ ನಿಂತು ಮೊದಲ ದಿನ ಆಡಿದ್ದನ್ನು ಹೇಳುತ್ತೇನೆ. ಎದುರಿಗೆ ಡೆಕು ಬಾಬಾ ಎಂಬ ಕಚ್ಚುವ ಗಿಡ. ಅದರ ಬಾಯಿ ಒಮ್ಮೆ ಅಡ್ಡಡ್ಡ ತೆರೆದುಕೊಳ್ಳುತ್ತದೆ, ಒಮ್ಮೆ ಉದ್ದುದ್ದ. ಬಾಯಿ ತೆರೆದ ದಿಕ್ಕಿನಲ್ಲೇ ಕತ್ತಿ ಹಾಯಿಸಿದರೆ ಮಾತ್ರ ಅದು ತುಂಡಾಗುತ್ತದೆ. ಬಾಯಿ ಅಡ್ಡ ತೆರೆದಿತ್ತು, ಅವನು ಎಡದಿಂದ ಬಲಕ್ಕೆ ಬೀಸಬೇಕಿತ್ತು. ಹುಮ್ಮಸ್ಸಿನಲ್ಲಿ ಅವನು ಏನು ಮಾಡಿದನೆಂದರೆ, ಬೀಸುವುದಕ್ಕೆ ಮುಂಚೆ ಬಲ ಬರಲೆಂದು ಕೈಯನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ಎಳೆದ. ಆ ಎಳೆತವನ್ನೇ ಆಟವು ಹೊಡೆತವೆಂದು ಎಣಿಸಿ ಲಿಂಕ್‌ನಿಂದ ಕೆಳಗಿನಿಂದ ಮೇಲಕ್ಕೆ ಬೀಸಿಸಿತು. ಹುಡುಗನ ನಿಜವಾದ ಹೊಡೆತ ಬರುವಷ್ಟರಲ್ಲಿ ಗಿಡ ಬಾಯಿ ಮುಚ್ಚಿಕೊಂಡು ಮತ್ತೆ ಉದ್ದಕ್ಕೆ ತೆರೆದಿತ್ತು. “ಮಾವಾ, ಇದು ಹೇಳಿದ್ದು ಕೇಳ್ತಿಲ್ಲೆ” ಎಂದು ಅವನ ಗೋಳು. ವಾಸ್ತವದಲ್ಲಿ ಅದು ಅವನು ಹೇಳದೇ ಇದ್ದದ್ದನ್ನೂ ಕೇಳುತ್ತಿತ್ತು.

ಆದುದರಿಂದ ಹೊಡೆತಕ್ಕೆ ಮುಂಚೆ ಕೈಯನ್ನು ಆರಂಭದ ಜಾಗಕ್ಕೆ ನಿಧಾನವಾಗಿ ಒಯ್ಯಬೇಕು, ಅರೆಗಳಿಗೆ ನಿಲ್ಲಿಸಬೇಕು, ಆಮೇಲೆ ಮಣಿಕಟ್ಟಿನಿಂದ ಚುರುಕಾಗಿ ಕತ್ತರಿಸಬೇಕು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಯುದ್ಧದ ಕುಣಿತ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ: ಏಟಿಗಿಂತ ಮೊದಲಿನ ನಿಲುವೇ ಅಲ್ಲಿ ಮುಖ್ಯ. ತೋಟದಲ್ಲಿ ಕತ್ತಿ ಹಿಡಿದು ಬಳ್ಳಿ ಸವರಿ ಅಭ್ಯಾಸವಿರುವವರೂ ಪೇಟೆಯಲ್ಲಿ ಬೆಳೆದವರಿಗಿಂತ ಬೇಗ ಕಲಿಯುವುದನ್ನು ನಾನು ಕಂಡಿದ್ದೇನೆ, ಏಕೆಂದರೆ ತೋಳು ಬೀಸಿದರೆ ದಣಿವು, ಮಣಿಕಟ್ಟು ತಿರುಗಿಸಿದರೆ ಕೆಲಸ ಎಂಬುದು ಅವರಿಗೆ ಮೊದಲೇ ತಿಳಿದಿರುತ್ತದೆ. ತೋಳು ಪೂರ್ತಿ ಬೀಸುವ ಅಗತ್ಯ ಈ ಆಟದಲ್ಲಿ ಒಂದು ಕಡೆಯೂ ಇಲ್ಲ. ಗೈರೊಸ್ಕೋಪ್ ಅಳೆಯುವುದು ಸಾಧನ ಎಷ್ಟು ತಿರುಗಿತು ಎಂಬುದನ್ನು, ಕೈ ಎಷ್ಟು ದೂರ ಹೋಯಿತು ಎಂಬುದನ್ನಲ್ಲ.

5. ಕಣ್ಣು ಇರುವ ಬಾಗಿಲನ್ನು ತೆರೆಯುವುದು ಹೇಗೆ?

ಮೊದಲ ದೇಗುಲದಲ್ಲೇ ಬರುವ ಈ ಬಾಗಿಲ ಮುಂದೆ ಒಬ್ಬರು ಎರಡು ದಿನ ನಿಂತಿದ್ದರು. ಗೋಡೆಯ ಮೇಲೆ ಒಂದು ದೊಡ್ಡ ಕಣ್ಣಿದೆ. ಹೊಡೆದರೆ ಏನೂ ಆಗುವುದಿಲ್ಲ. ಕತ್ತಿಯ ತುದಿಯನ್ನು ಅದರ ಕಡೆಗೆ ಚಾಚಿ ಹಿಡಿಯಿರಿ. ಕಣ್ಣುಗುಡ್ಡೆ ತುದಿಯನ್ನೇ ನೋಡತೊಡಗುತ್ತದೆ. ಎಡಕ್ಕೆ ಒಯ್ದರೆ ಎಡಕ್ಕೆ, ಮೇಲೆತ್ತಿದರೆ ಮೇಲಕ್ಕೆ. ಈಗ ತುದಿಯನ್ನು ದುಂಡಗೆ ಸುತ್ತಿಸುತ್ತಾ ಹೋದರೆ ಕಣ್ಣೂ ಸುತ್ತಿ ಸುತ್ತಿ ಕೊನೆಗೆ ತಲೆತಿರುಗಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ. ಆರತಿ ಎತ್ತುವಷ್ಟು ವೇಗ ಸಾಕು. ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದೇ, ಏಕೆಂದರೆ ಇಲ್ಲಿ ಕತ್ತಿಯು ಹೊಡೆಯುವುದನ್ನು ಬಿಟ್ಟು ಬೇರೊಂದು ಕೆಲಸ ಮಾಡುತ್ತದೆ, ಮತ್ತು ಬಟನ್ ಒತ್ತುವ ಆಟದಲ್ಲಿ ಈ ಒಗಟು ಹುಟ್ಟುತ್ತಲೇ ಇರಲಿಲ್ಲ.

6. ಗಿರಾಹಿಮ್ ನನ್ನ ಕತ್ತಿಯನ್ನೇ ಬೆರಳಲ್ಲಿ ಹಿಡಿದುಬಿಡುತ್ತಾನೆ. ಏನು ಮಾಡಲಿ?

ಮೊದಲ ದೇಗುಲದ ಕೊನೆಯಲ್ಲಿ ಎದುರಾಗುವ ಈ ಕೆಂಪು ಮೇಲಂಗಿಯ ಶೋಕಿಲಾಲ ಆಟಗಾರರ ಆತುರವನ್ನೇ ಆಹಾರ ಮಾಡಿಕೊಂಡವನು. ನೀವು ಕತ್ತಿ ಹಿಡಿದ ಕಡೆಗೇ ಅವನ ಕೈ ಬರುತ್ತದೆ, ಆ ಕಡೆಯಿಂದ ಹೊಡೆದರೆ ಹಿಡಿದುಕೊಳ್ಳುತ್ತಾನೆ. ಕತ್ತಿಯನ್ನು ಬಲಕ್ಕೆ ಹಿಡಿದು ಅವನ ಕೈ ಅಲ್ಲಿಗೆ ಬರುವವರೆಗೆ ಕಾಯಿರಿ. ಬಂದ ಮೇಲೆ ಕತ್ತಿಯನ್ನು ಥಟ್ಟನೆ ಎಡಕ್ಕೆ ದಾಟಿಸಿ ಅಲ್ಲಿಂದ ಬೀಸಿರಿ. ದಾಟಿಸುವುದು ತೀರಾ ರಭಸವಾದರೆ ಅದೇ ಒಂದು ಹೊಡೆತವಾಗಿ, ಮತ್ತೆ ನಾಲ್ಕನೆಯ ಪ್ರಶ್ನೆಗೆ ಬಂದು ನಿಲ್ಲುತ್ತೀರಿ.

ಮೂರು ತಲೆಯ ಸ್ಟಾಲ್ಡ್ರಾ ಬಗ್ಗೆಯೂ ಅನೇಕರು ಕೇಳುತ್ತಾರೆ. ಮೂರೂ ತಲೆಗಳು ಒಂದು ಸಾಲಿಗೆ ಬರುವವರೆಗೆ ಕಾದು ಒಂದೇ ಏಟಿಗೆ ಕತ್ತರಿಸಬೇಕು. ಒಂದು ತಲೆ ಉಳಿದರೂ ಕಡಿದವು ಮತ್ತೆ ಬೆಳೆಯುತ್ತವೆ.

7. ಅರ್ಧ ಗಂಟೆ ಆಡಿದ ಮೇಲೆ ಗುರಿ ಒಂದು ಕಡೆಗೆ ಸರಿಯುತ್ತದೆ. ಯಾಕೆ?

ಗೈರೊಸ್ಕೋಪ್ ಚಿಪ್ಪಿನೊಳಗೆ ಸದಾ ಕಂಪಿಸುತ್ತಿರುವ ಅತಿ ಸಣ್ಣ ಸಿಲಿಕಾನ್ ತುಣುಕೊಂದಿದೆ. ಸಾಧನವನ್ನು ತಿರುಗಿಸಿದಾಗ ಕೋರಿಯೋಲಿಸ್ ಪರಿಣಾಮದಿಂದ ಆ ತುಣುಕು ಪಕ್ಕಕ್ಕೆ ಸರಿಯುತ್ತದೆ, ಆ ಸರಿತದಿಂದ ತಿರುಗುವ ವೇಗ ತಿಳಿಯುತ್ತದೆ. ತಿಳಿಯುವುದು ವೇಗ ಮಾತ್ರ. ದಿಕ್ಕನ್ನು ಪಡೆಯಲು ಯಂತ್ರವು ಆ ವೇಗವನ್ನು ಕ್ಷಣಕ್ಷಣಕ್ಕೆ ಕೂಡಿಸುತ್ತಾ ಹೋಗಬೇಕು, ಕೂಡಿಸುವಾಗ ಎಳ್ಳಷ್ಟು ತಪ್ಪುಗಳೂ ಕೂಡಿಕೊಳ್ಳುತ್ತವೆ.

ಕಾರವಾರದ ಮೀನುಗಾರನೊಬ್ಬ ಮಂಜಿನಲ್ಲಿ ಸಿಕ್ಕಿಕೊಂಡು, ದೋಣಿಯನ್ನು ಎಷ್ಟು ಸಲ ಎಷ್ಟೆಷ್ಟು ತಿರುಗಿಸಿದೆನೆಂಬ ನೆನಪಿನ ಮೇಲೆಯೇ ದಡದ ದಿಕ್ಕನ್ನು ಊಹಿಸುತ್ತಿದ್ದಾನೆಂದು ಭಾವಿಸಿ. ಹತ್ತು ನಿಮಿಷ ಊಹೆ ಸರಿಯಿರುತ್ತದೆ, ಒಂದು ಗಂಟೆಯ ಮೇಲೆ ದಡವೆಂದುಕೊಂಡದ್ದು ಅರಬ್ಬಿ ಸಮುದ್ರವಾಗಿರುತ್ತದೆ. ದೇವಗಡ ದ್ವೀಪದ ದೀಪಸ್ತಂಭ ಒಮ್ಮೆ ಕಂಡರೆ ಎಲ್ಲ ಲೆಕ್ಕವನ್ನೂ ಬಿಟ್ಟು ಹೊಸದಾಗಿ ಆರಂಭಿಸಬಹುದು. ಸ್ವಿಚ್‌ನಲ್ಲಿ ಆ ದೀಪಸ್ತಂಭವೆಂದರೆ ಬಲ ಜಾಯ್‌ಕಾನ್‌ನ ವೈ ಬಟನ್: ತೆರೆಯ ನಡುವಿಗೆ ಗುರಿ ಹಿಡಿದು ಅದನ್ನು ಒತ್ತಿದರೆ ಅಲ್ಲಿಂದ ಲೆಕ್ಕ ಹೊಸದಾಗುತ್ತದೆ. ವೀ ರಿಮೋಟ್‌ನಲ್ಲಿ ಅಡ್ಡ-ಉದ್ದ ಬಟನ್‌ನ ಕೆಳಭಾಗ ಈ ಕೆಲಸ ಮಾಡುತ್ತದೆ. ಮೇಲೆ-ಕೆಳಗೆ ವಾಲುವುದನ್ನು ಭೂಮಿಯ ಗುರುತ್ವದ ಸಹಾಯದಿಂದ ಯಂತ್ರ ತಾನೇ ತಿದ್ದಿಕೊಳ್ಳಬಲ್ಲದು. ಎಡ-ಬಲಕ್ಕೆ ಅಂಥ ಆಸರೆ ಇಲ್ಲ, ಹೀಗಾಗಿ ಗುರಿ ಸರಿಯುವುದು ಹೆಚ್ಚಾಗಿ ಪಕ್ಕಕ್ಕೇ. ನಮ್ಮ ಮನೆಯಲ್ಲಿ ಪ್ರತಿ ಕಾಳಗಕ್ಕೆ ಮುಂಚೆ ವೈ ಒತ್ತುವುದು ಊಟಕ್ಕೆ ಮುಂಚೆ ಕೈತೊಳೆಯುವಷ್ಟೇ ರೂಢಿಯಾಗಿದೆ.

ಪದೇ ಪದೇ ಸರಿಯುತ್ತಿದ್ದರೆ ಸ್ವಿಚ್‌ನ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ಕಂಟ್ರೋಲರ್ ಮತ್ತು ಸೆನ್ಸರ್ ಎಂಬಲ್ಲಿ ಮೋಷನ್ ಕಂಟ್ರೋಲ್ ಕ್ಯಾಲಿಬ್ರೇಷನ್ ಮಾಡಿರಿ. ಜಾಯ್‌ಕಾನನ್ನು ಸಮತಟ್ಟಾದ ಜಾಗದಲ್ಲಿ ಅಲುಗಾಡದಂತೆ ಇಡಬೇಕು. ಹಳೆಯ ಮನೆಗಳ ಮಣೆ ಅನೇಕ ವೇಳೆ ಸಮತಟ್ಟಾಗಿರುವುದಿಲ್ಲ, ನೆಲದ ಮೇಲೆ ಇಡುವುದೇ ಒಳ್ಳೆಯದು.

8. ಇಷ್ಟೆಲ್ಲ ಯಾಕೆ, ಬಟನ್‌ನಲ್ಲೇ ಆಡಬಾರದೇ?

ಸ್ವಿಚ್ ಆವೃತ್ತಿಯಲ್ಲಿ ಆಡಬಹುದು. ಬಲಗಡೆಯ ಸ್ಟಿಕ್ಕನ್ನು ಯಾವ ಕಡೆಗೆ ದೂಡುತ್ತೀರೋ ಆ ಕಡೆಗೆ ಕತ್ತಿ ಬೀಸುತ್ತದೆ. ವೀ ಆವೃತ್ತಿಯಲ್ಲಿ ಈ ಅವಕಾಶವಿರಲಿಲ್ಲ. ಭುಜ ಅಥವಾ ಮಣಿಕಟ್ಟಿನ ನೋವಿರುವವರಿಗೆ ಇದು ದೊಡ್ಡ ಉಪಕಾರ. ಸ್ವಿಚ್ ಲೈಟ್‌ನಲ್ಲಿ ಜಾಯ್‌ಕಾನ್ ಕಳಚಲು ಬಾರದಿರುವುದರಿಂದ, ಬೇರೆ ಜಾಯ್‌ಕಾನ್ ಕೊಳ್ಳದ ಹೊರತು ಅದರಲ್ಲಿ ಇದೊಂದೇ ದಾರಿ.

ಆದರೆ ಎರಡು ಮಾತು. ಬಲ ಸ್ಟಿಕ್ ಕತ್ತಿಯಾಗಿಬಿಡುವುದರಿಂದ ಕ್ಯಾಮೆರಾ ತಿರುಗಿಸಲು ಎಲ್ ಬಟನ್ ಒತ್ತಿ ಹಿಡಿಯಬೇಕು. ಇದಕ್ಕೆ ಕೈ ಒಗ್ಗಲು ಹೊತ್ತು ಹಿಡಿಯುತ್ತದೆ. ಇನ್ನೊಂದು, ಸ್ಟಿಕ್ ಹಳತಾಗಿ ತಾನಾಗಿಯೇ ಸರಿಯುವ ರೋಗ ಹಿಡಿದಿದ್ದರೆ ಲಿಂಕ್ ಊರಿನ ನಡುವೆ ನಿಂತು ಗಾಳಿಯೊಂದಿಗೆ ಯುದ್ಧ ಮಾಡುತ್ತಿರುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ದೇಗುಲದವರೆಗಾದರೂ ಕೈಬೀಸಿ ಆಡಿ ನೋಡಿ, ಆಮೇಲೆ ಬೇಡವೆನಿಸಿದರೆ ಆಪ್ಷನ್ಸ್‌ನಲ್ಲಿ ಯಾವಾಗ ಬೇಕಾದರೂ ಬದಲಿಸಿಕೊಳ್ಳಿ.

9. ಎಡಗೈಯವರು ಆಡಬಹುದೇ?

ಲಿಂಕ್ ಈ ಆಟದಲ್ಲಿ ಬಲಗೈಯವನು, ಹಳೆಯ ಆಟಗಳಲ್ಲಿ ಸಾಮಾನ್ಯವಾಗಿ ಎಡಗೈಯವನಾಗಿದ್ದ. ಕತ್ತಿಯ ಜಾಯ್‌ಕಾನನ್ನು ಎಡಗೈಯಲ್ಲಿ ಹಿಡಿದರೂ ಚಲನೆ ಸರಿಯಾಗಿಯೇ ದಾಖಲಾಗುತ್ತದೆ, ಬಟನ್‌ಗಳು ಮಾತ್ರ ಬೆರಳಿಗೆ ಸಲೀಸಾಗಿ ಸಿಗುವುದಿಲ್ಲ.

10. ಕೋಣೆ ಎಷ್ಟು ದೊಡ್ಡದಿರಬೇಕು?

ಎರಡು ತೋಳು ಚಾಚಿದರೆ ಏನೂ ತಾಗದಷ್ಟು ಜಾಗ ಸಾಕು. ತಲೆಯ ಮೇಲೂ ನೋಡಿಕೊಳ್ಳಿ. ಕತ್ತಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ಶಕ್ತಿ ತುಂಬಿಸಿಕೊಂಡು ಬೀಸುವ ‘ಸ್ಕೈವರ್ಡ್ ಸ್ಟ್ರೈಕ್’ ಆಟದುದ್ದಕ್ಕೂ ಬೇಕಾಗುತ್ತದೆ, ನಮ್ಮ ಜಗಲಿಯ ಮಾಡು ಇಳಿಜಾರಾಗಿ ತಗ್ಗಿನಲ್ಲಿದೆ. ನಾನು ಎತ್ತಿದ ರಭಸಕ್ಕೆ ಅಡ್ಡೆಗೆ ತೂಗುಹಾಕಿದ್ದ ಗಾಜಿನ ಲಾಟೀನು ಚೂರಾಯಿತು. ಆಯಿ ಏನೂ ಹೇಳಲಿಲ್ಲ, ಸುಮ್ಮನೆ ಹಿಡಿಸೂಡಿ ತಂದು ನನ್ನ ಕೈಗೆ ಕೊಟ್ಟಳು. ಜಾಯ್‌ಕಾನ್‌ನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವುದನ್ನು ಆಗಲೂ ಮರೆತಿರಲಿಲ್ಲವಾದ್ದರಿಂದ ಟಿವಿ ಉಳಿಯಿತು.

11. ಆಡುತ್ತಿರುವಾಗ ಕರೆಂಟು ಹೋದರೆ?

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಇದು ಹೋದರೆ ಎನ್ನುವ ಪ್ರಶ್ನೆಯಲ್ಲ, ಹೋದಾಗ ಎನ್ನುವ ಪ್ರಶ್ನೆ. ಸ್ವಿಚ್‌ನ ಒಳಗೆ ಬ್ಯಾಟರಿ ಇರುವುದರಿಂದ ಯಂತ್ರ ಆರುವುದಿಲ್ಲ. ಟಿವಿಗೆ ಜೋಡಿಸುವ ಡಾಕ್‌ನಿಂದ ಹೊರತೆಗೆದು, ಹಿಂಬದಿಯ ಕಾಲು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಕೈಬೀಸಿಯೇ ಮುಂದುವರಿಸಬಹುದು. ಎಚ್‌ಡಿ ಆವೃತ್ತಿ ತಾನಾಗಿಯೇ ಆಗಾಗ ಸೇವ್ ಮಾಡಿಕೊಳ್ಳುತ್ತದೆ. ವೀ ಆವೃತ್ತಿಯಲ್ಲಿ ಮಾತ್ರ ಹಕ್ಕಿಯ ವಿಗ್ರಹದ ಹತ್ತಿರ ಹೋಗಿ ನೀವೇ ಸೇವ್ ಮಾಡಬೇಕು, ಯಂತ್ರದಲ್ಲಿ ಬ್ಯಾಟರಿಯೂ ಇಲ್ಲ. ಗುಡುಗು ಕೇಳಿಸಿದ ಕೂಡಲೇ ವಿಗ್ರಹ ಹುಡುಕುವುದು ಜಾಣತನ.

12. ಮಳೆಗಾಲದ ತೇವ, ಕಡಲತಡಿಯ ಉಪ್ಪುಗಾಳಿ ಇವುಗಳಿಂದ ತೊಂದರೆಯಿದೆಯೇ?

ಇದೆ. ಒಂದು ಮಳೆಗಾಲವಿಡೀ ವೀ ರಿಮೋಟಿನೊಳಗೆ ಸೆಲ್ ಬಿಟ್ಟು ಮರೆತಿದ್ದೆ. ದಸರೆಗೆ ತೆಗೆದು ನೋಡಿದರೆ ಸೆಲ್ ಸೋರಿ ಸ್ಪ್ರಿಂಗಿನ ಮೇಲೆಲ್ಲ ಹಸಿರು ಕಿಲುಬು. ಬಳಸದಿರುವಾಗ ಸೆಲ್ ತೆಗೆದಿಡಿ. ಜಾಯ್‌ಕಾನ್‌ಗಳನ್ನು ಹಪ್ಪಳ ಇಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಪೊಟ್ಟಣದ ಜೊತೆ ಇಡಿ. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕಿಟಕಿಯ ಬಳಿ ಯಂತ್ರ ಇಡುವುದಂತೂ ಬೇಡ.

13. ಹಳೆಯ ವೀ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಮೂರು ವಿಷಯ ನೋಡಿ. ವೀ ಯಂತ್ರಕ್ಕೆ ಪ್ರದೇಶದ ಬೀಗವಿದೆ. ಅಮೆರಿಕದ ಯಂತ್ರದಲ್ಲಿ ಯುರೋಪಿನ ಡಿಸ್ಕ್ ಓಡುವುದಿಲ್ಲ. ಅಮೆರಿಕ ಅಥವಾ ಜಪಾನಿನಿಂದ ಬಂದ ಯಂತ್ರದ ಅಡಾಪ್ಟರ್ ನಮ್ಮ 230 ವೋಲ್ಟಿಗೆ ತಯಾರಾದುದಲ್ಲ, ನೇರವಾಗಿ ಚುಚ್ಚಿದರೆ ಸುಟ್ಟೀತು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ರಿಮೋಟಿನಲ್ಲಿ ಮೋಷನ್‌ಪ್ಲಸ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಸ್ವಿಚ್‌ಗೆ ಈ ತಾಪತ್ರಯವಿಲ್ಲ: ಅದರ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ.

ವೀ ಆವೃತ್ತಿಯಲ್ಲಿ ಇನ್ನೊಂದು ಅಪಾಯವೂ ಇತ್ತು. ಆಟದ ಕೊನೆಯ ಭಾಗದಲ್ಲಿ ಹಾಡಿನ ತುಣುಕುಗಳನ್ನು ಹುಡುಕುವಾಗ ಮರುಭೂಮಿಯ ಭಾಗವನ್ನು ಮೊದಲು ಮುಗಿಸಿ, ಅಲ್ಲಿಯ ಗೊರಾನ್ ಎಂಬ ಪಾತ್ರದ ಜೊತೆ ಮತ್ತೊಮ್ಮೆ ಮಾತಾಡಿದರೆ ಮುಂದಿನ ಘಟನೆಗಳೇ ನಡೆಯದೆ ಆಟ ಅಲ್ಲಿಗೇ ನಿಂತುಬಿಡುತ್ತಿತ್ತು. ಸೇವ್ ಕಡತವನ್ನು ದುರಸ್ತಿ ಮಾಡುವ ಪ್ರತ್ಯೇಕ ‘ಚಾನೆಲ್’ ತಂತ್ರಾಂಶವನ್ನೇ ನಿಂಟೆಂಡೊ ಬಿಡಬೇಕಾಯಿತು. ಹಳೆಯ ಡಿಸ್ಕ್ ಹಿಡಿದವರು ಕಾಡು ಅಥವಾ ಜ್ವಾಲಾಮುಖಿಯ ಭಾಗವನ್ನು ಮೊದಲು ಮುಗಿಸಿದರೆ ಕ್ಷೇಮ.

14. ಮಕ್ಕಳಿಗೆ ಸರಿಯೇ? ಕನ್ನಡ ಇದೆಯೇ?

ಅಮೆರಿಕದ ವರ್ಗೀಕರಣದಂತೆ 10 ವರ್ಷ ಮೇಲ್ಪಟ್ಟವರಿಗೆ. ಕನ್ನಡ ಇಲ್ಲ. ಪಾತ್ರಗಳು ಮಾತಾಡುವುದೂ ಇಲ್ಲ, ಸಂಭಾಷಣೆಯೆಲ್ಲ ತೆರೆಯ ಮೇಲಿನ ಬರಹವೇ, ಆದುದರಿಂದ ಇಂಗ್ಲಿಷ್ ಓದಲು ತಡವರಿಸುವ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕುಳಿತಿರಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ನಾನು ಕನ್ನಡದಲ್ಲಿ ಹೇಳುತ್ತಾ ಹೋದಂತೆ ಆಯಿಯೂ ಬತ್ತಿ ಹೊಸೆಯುತ್ತಾ ಕೇಳುತ್ತಾಳೆ, ಜೆಲ್ಡಾ ಸಿಕ್ಕಳೇ ಎಂದು ಮರುದಿನ ವಿಚಾರಿಸುತ್ತಾಳೆ.

15. ಎಷ್ಟು ಗಂಟೆಯ ಆಟ? ಎಲ್ಲಿ ಬೇಸರ ಬರುತ್ತದೆ?

ಮುಖ್ಯ ಕಥೆಗೆ ಸುಮಾರು ನಲವತ್ತು ಗಂಟೆ. ಬೇಸರ ಬರುವ ಜಾಗಗಳಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕಾಡು, ಜ್ವಾಲಾಮುಖಿ, ಮರುಭೂಮಿ ಈ ಮೂರಕ್ಕೇ ಮತ್ತೆ ಮತ್ತೆ ಕಳಿಸುತ್ತಾರೆ. ಕತ್ತಿಯೊಳಗೆ ವಾಸಿಸುವ ಫೈ ಎಂಬ ಸಹಾಯಕಿ ವೀ ಆವೃತ್ತಿಯಲ್ಲಿ ಕಣ್ಣೆದುರಿಗಿರುವುದನ್ನೇ ಶೇಕಡಾ ಲೆಕ್ಕ ಹಾಕಿ ಹೇಳುತ್ತಿದ್ದಳು. ಎಚ್‌ಡಿಯಲ್ಲಿ ಅವಳ ಬಹಳಷ್ಟು ಸಲಹೆಗಳನ್ನು ಬೇಕಾದರೆ ಮಾತ್ರ ಕೇಳಬಹುದು, ದೃಶ್ಯಗಳನ್ನೂ ದಾಟಿಸಬಹುದು.

ಕೆಲವರು ಬೈಯುವ, ನಾನು ಹೊಗಳುವ ಭಾಗವೆಂದರೆ ‘ಸೈಲೆಂಟ್ ರೆಲ್ಮ್’ ಪರೀಕ್ಷೆಗಳು. ಕತ್ತಿಯನ್ನು ಕಿತ್ತುಕೊಂಡು, 15 ಕಣ್ಣೀರ ಹನಿಗಳನ್ನು ಹೆಕ್ಕಿ ಬಾ ಎಂದು ಅಟ್ಟುತ್ತಾರೆ. ಒಂದು ಹನಿ ಹೆಕ್ಕಿದರೆ 90 ಸೆಕೆಂಡು ಕಾವಲುಗಾರರು ನಿದ್ದೆಯಲ್ಲಿರುತ್ತಾರೆ, ಅವರ ಒಂದೇ ಏಟು ಬಿದ್ದರೂ ಮೊದಲಿನಿಂದ ಆರಂಭ. ಅಷ್ಟು ಹೊತ್ತು ಕತ್ತಿಯ ಬಲದಲ್ಲಿ ಮೆರೆದವನಿಗೆ ಕೈ ಬರಿದಾದಾಗ ಎದೆ ಹೊಡೆದುಕೊಳ್ಳುವುದು ಚೆನ್ನಾಗಿ ಕೇಳಿಸುತ್ತದೆ.

16. ಕತ್ತಿ ಬಿಟ್ಟು ಬೇರೆ ಯಾವುದಕ್ಕೆ ಕೈ ಆಡಿಸಬೇಕು?

ಬಹುತೇಕ ಎಲ್ಲದಕ್ಕೂ. ಎಡಗೈಯನ್ನು ಮುಂದಕ್ಕೆ ನೂಕಿದರೆ ಗುರಾಣಿ ಎದುರಾಳಿಯನ್ನು ತಳ್ಳುತ್ತದೆ; ಸಾಮಾನ್ಯ ಗುರಾಣಿಗಳು ಏಟು ತಿಂದು ತಿಂದು ಮುರಿಯುತ್ತವೆ, ನೆನಪಿಡಿ. ಬಾಂಬನ್ನು ಕೈ ಎತ್ತಿ ಎಸೆಯಬಹುದು, ಕೈ ಇಳಿಸಿ ನೆಲದ ಮೇಲೆ ಉರುಳಿಸಲೂಬಹುದು. ಬಿಲ್ಲನ್ನು ಎಡಗೈ ಬಲಗೈ ದೂರ ಮಾಡಿ ಎಳೆಯುವುದು. ಹಾರುವ ಜೀರುಂಡೆಯಂಥ ಯಂತ್ರವನ್ನೂ ಸವಾರಿಯ ಹಕ್ಕಿಯನ್ನೂ ಕೈ ವಾಲಿಸಿ ತಿರುಗಿಸುವುದು, ಹಕ್ಕಿ ಮೇಲೇರಲು ರೆಕ್ಕೆ ಬಡಿಯುವಂತೆ ಕೈ ಎತ್ತಿ ಬೀಸುವುದು. ದೊಡ್ಡ ಕೊಕ್ಕಿನ ಆ ಹಕ್ಕಿಗೆ ನಮ್ಮ ಮಕ್ಕಳು ದಾಂಡೇಲಿಯಲ್ಲಿ ಕಂಡ ಮಂಗಟ್ಟೆಯ ಹೆಸರನ್ನೇ ಇಟ್ಟಿದ್ದಾರೆ.

17. ಇದನ್ನು ಮುಗಿಸಿದ ಮೇಲೆ ಯಾವುದು?

ಇದೇ ನಿರ್ದೇಶಕರ ‘ಬ್ರೆತ್ ಆಫ್ ದ ವೈಲ್ಡ್’ 2017ರಲ್ಲಿಯೂ ‘ಟಿಯರ್ಸ್ ಆಫ್ ದ ಕಿಂಗ್‌ಡಂ’ 2023ರಲ್ಲಿಯೂ ಬಂದವು. ಓಡಿದರೆ ಖಾಲಿಯಾಗುವ ದಮ್ಮಿನ ಚಕ್ರ ಸ್ಕೈವರ್ಡ್ ಸೋರ್ಡ್‌ನಿಂದಲೇ ಅಲ್ಲಿಗೆ ಹೋಗಿದೆ. ಕೈಬೀಸಿ ಕತ್ತಿ ಆಡಿಸುವುದು ಮಾತ್ರ ಅವೆರಡರಲ್ಲೂ ಇಲ್ಲ. ಅದಕ್ಕಾಗಿ ಮತ್ತೆ ಇಲ್ಲಿಗೇ ಬರಬೇಕು.

18. ಕುಮಟಾ–ಶಿರಸಿ ಬಸ್ಸಿನಲ್ಲಿ ಆಡಿದರೆ ಗುರಿಯೆಲ್ಲ ತಪ್ಪುತ್ತದೆ. ಯಾಕೆ?

ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸು ತಿರುಗಿದರೆ ಜಾಯ್‌ಕಾನ್ ಕೂಡ ಅದರೊಂದಿಗೆ ತಿರುಗುತ್ತದೆ, ತಿರುಗಿಸಿದ್ದು ನೀವೋ ಡ್ರೈವರೋ ಎಂಬುದು ಗೈರೊಸ್ಕೋಪಿಗೆ ಗೊತ್ತಾಗುವುದಿಲ್ಲ. ಬಸ್ಸಿನಲ್ಲಿ ಜಾಯ್‌ಕಾನ್‌ಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಬಟನ್‌ನಲ್ಲಿ ಆಡಿ, ಗುರಿಯನ್ನೂ ಸ್ಟಿಕ್ಕಿನಿಂದಲೇ ಹಿಡಿಯಿರಿ. ಪಕ್ಕದ ಸೀಟಿನವರ ಮೂಗೂ ಉಳಿಯುತ್ತದೆ.